ಕಿಟಕಿಯಿಂದ ಕೊಂಡ ಮಗು

ನಮ್ಮ ಮನೆಯಲ್ಲಿ ತೊಲೆದೊ ಊರಿನ ಬೀಗದಕೈ ಇರಲಿಲ್ಲ.
ಉಳಿದೆಲ್ಲರ ಮನೆಯಲ್ಲೂ ಇತ್ತು, ಅಥವಾ
ಇದೆ ಎಂದು ಹೇಳಿಕೊಳ್ಳುತ್ತಿದ್ದರು:
ಐನೂರು ವರ್ಷದ ತುಕ್ಕು, ರೇಷ್ಮೆಯಲ್ಲಿ ಸುತ್ತಿದ್ದು.
ನಮ್ಮಲ್ಲಿದ್ದದ್ದು ಒಂದು ಹಗ್ಗ.
ಮುತ್ತಜ್ಜ ಸಲೋನಿಕದ ಬಂದರಿನಲ್ಲಿ ಹಮಾಲಿ,
ಬೆನ್ನಿಗೆ ಪಿಯಾನೊ ಬಿಗಿದುಕೊಂಡು ಗುಡ್ಡ ಹತ್ತಿದವನು.
ಶನಿವಾರ ಅವನು ಏಳುತ್ತಿರಲಿಲ್ಲ.
ತುರ್ಕರದೋ ಗ್ರೀಕರದೋ ಇಂಗ್ಲಿಷರದೋ,
ಹಡಗುಗಳೆಲ್ಲ ಸಬ್ಬತ್ ಹಿಡಿದವರ ಹಾಗೆ
ಸಂಜೆಯ ಮೂರು ನಕ್ಷತ್ರಕ್ಕೆ ಕಾಯುತ್ತಿದ್ದವು.

ಅವನ ಮೂರು ಗಂಡುಕೂಸು
ವರ್ಷ ತುಂಬುವ ಮೊದಲೇ ಹೋದವು.
ನಾಲ್ಕನೆಯದಕ್ಕೆ ಜ್ವರ ಏರಿದ ರಾತ್ರಿ
ನನ್ನ ನೋನೊನನ್ನು, ಆಗ ಒಂಬತ್ತು ದಿನದ ಅಜ್ಜನನ್ನು,
ಕಿಟಕಿಯಿಂದ ಆಚೆ ಚಾಚಿ ಮಾರಿಬಿಟ್ಟರು.
ಕೊಂಡವಳು ಕರನ್ಫಿಲ್, ಕಂಚುಗಾರನ ಹೆಂಡತಿ,
ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು.
ಬೆಲೆ ಮೂರು ನಾಣ್ಯ. ಚೌಕಾಸಿಯನ್ನೂ ಮಾಡಿದಳಂತೆ,
ಮಾಡದಿದ್ದರೆ ಸಾವಿಗೆ ಅನುಮಾನ ಬಂದೀತೆಂದು.
ಜಾವದಲ್ಲಿ ಸಾವು ಬಾಗಿಲು ತಟ್ಟಿತು.
ಇಲ್ಲಿ ನಮ್ಮ ಮಗು ಯಾವುದೂ ಇಲ್ಲ ಎಂದಳು ತಾಯಿ,
ಹಾಲು ಸೋರಿ ಒದ್ದೆಯಾದ ಎದೆಯ ಮೇಲೆ
ಕೈ ಕಟ್ಟಿಕೊಂಡು.
ಹೆಸರಿಟ್ಟರು: ಮೆರ್ಕಾದೊ. ಎಂದರೆ, ಕೊಂಡದ್ದು.
ಮದುವೆಯ ದಿನ ದುಡ್ಡು ಕೊಟ್ಟು
ಬಿಡಿಸಿಕೊಳ್ಳಬೇಕು, ಅದು ಕರಾರು.

ಬೆಂಕಿಯ ವರ್ಷ ಊರು ಉರಿಯಿತು.
ಹನ್ನೆರಡರ ಹುಡುಗ
ಅರ್ಧ ಸುಟ್ಟ ಪುಟಗಳನ್ನು ಹೆಕ್ಕಿ ತಂದು
ಇಲ್ಲದ ಅರ್ಧವನ್ನು ಬಾಯಿಂದ ಪೂರ್ತಿ ಮಾಡುತ್ತ
ಹಾಗೇ ರಬ್ಬಿಯಾದ.
ಬಂದರಿನವರು ಹೈಫಾಕ್ಕೆ ಹೊರಟಾಗ ಜೊತೆಗೆ ಹೋದ.
ಕ್ರೇನಿನ ನೆರಳಲ್ಲಿ ಪ್ರಾರ್ಥನೆ,
ಗಡ್ಡದ ತುಂಬ ಸಿಮೆಂಟಿನ ಧೂಳು,
ಕೂಲಿ ಜಗಳವನ್ನು ಲಾದಿನೊ ಬೈಗುಳದಲ್ಲೇ ಬಿಡಿಸುತ್ತಿದ್ದ.
ಮದುವೆಯೂ ಅಲ್ಲೇ ಆಯಿತು.
ಕರನ್ಫಿಲ್ ಕಡಲಾಚೆ ಉಳಿದಳು,
ಆಮೇಲೆ ಆ ರೈಲು ಹತ್ತಿದವರ ನಡುವೆ ಅವಳೂ.
ಮೂರು ನಾಣ್ಯ ಹಾಗೇ ಉಳಿಯಿತು.

ಮುಪ್ಪಿನಲ್ಲಿ ಮಂತ್ರಿ ಮಾಡಿದರು.
ಇಬ್ಬರ ಜಗಳಕ್ಕೆ ಮೂರನೆಯವನೊಬ್ಬ ಬೇಕಿತ್ತು, ಅಷ್ಟೇ.
ಧರ್ಮ ಖಾತೆ, ಹದಿನಾಲ್ಕು ತಿಂಗಳು.
ಸರ್ಕಾರಿ ಕಾರಿನಲ್ಲಿ ಡ್ರೈವರನ ಪಕ್ಕವೇ ಕೂರುತ್ತಿದ್ದ,
ಹಿಂದಿನ ಸೀಟಿನಲ್ಲಿ ಸಂತೆಯ ಬದನೆಕಾಯಿ.

ಒಂದು ದಿನ ಮೇಜಿಗೆ ಒಂದು ಕಡತ ಬಂತು.
ಲೂನಾ ಎಂಬ ಮುದುಕಿ, ಅದೇ ಊರಿನವಳು,
ಸತ್ತು ಎರಡು ದಿನ, ಹೂಳಲು ಅಪ್ಪಣೆಯಿಲ್ಲ.
ತಾಯಿ ಯಾರು, ತಾಯಿಯ ತಾಯಿ ಯಾರು?
ಕಾಗದ ಇಲ್ಲದಿದ್ದರೆ, ಅಂದ ಅಧಿಕಾರಿ,
ಯಾವುದಾದರೂ ಗೋರಿಕಲ್ಲಿನ ಫೋಟೊ ತರಲಿ.

ನೋನೊ ಬಹಳ ಹೊತ್ತು ಮಾತಾಡಲಿಲ್ಲವಂತೆ.
ಆ ಕಲ್ಲುಗಳು ಎಲ್ಲಿವೆಯೆಂದು ಅವನಿಗೆ ಗೊತ್ತು:
ಯುದ್ಧದಲ್ಲಿ ಅಗೆದು ಗಾಡಿಗೆ ಹೇರಿ ಸಾಗಿಸಿದ್ದು,
ಯಾರದೋ ಅಂಗಳಕ್ಕೆ, ಮೆಟ್ಟಿಲಿಗೆ, ಕೊಳದ ಅಂಚಿಗೆ.
ಅವನಪ್ಪನ ಹೆಸರಿನ ಮೇಲೆ ಈಗ
ಯಾರೋ ಒದ್ದೆ ಕಾಲಿಟ್ಟು ನಡೆಯುತ್ತಿರಬಹುದು.

ಪೆನ್ನು ತೆಗೆದ. ವಂಶ ಎಂಬ ಖಾನೆಯಲ್ಲಿ
ಮೊದಲು ತನ್ನದನ್ನೇ ಬರೆದ:
ತಾಯಿ, ಮಾರಿದವಳು.
ತಾಯಿ, ಕೊಂಡವಳು.
ಬಾಕಿ ಮೂರು ನಾಣ್ಯ.
ಕೆಳಗೆ, ನನ್ನ ಯಾವ ಕಾಗದ ನೋಡಿ
ಈ ಕುರ್ಚಿ ಕೊಟ್ಟಿರೋ ಅದನ್ನೇ ನೋಡಿ
ಈಕೆಗೆ ಮಣ್ಣು ಕೊಡಿ.
ಸಹಿ. ಮೊಹರು.

ತಿಂಗಳೊಳಗೆ ಕಾರು ಹೋಯಿತು.
ಬಸ್ಸಿನಲ್ಲಿ ಮನೆಗೆ ಬಂದ, ತೊಡೆಯ ಮೇಲೆ ಬದನೆಕಾಯಿ,
ಅಲ್ಲಿ ಅಗ್ಗ, ಎಂದ, ನಾಳೆಯೂ ಹೋಗೋಣ.

ಮೊನ್ನೆ ನನ್ನ ಮಗಳಿಗೆ ಶಾಲೆಯಲ್ಲಿ
ವಂಶವೃಕ್ಷ ಬರೆಯಲು ಹೇಳಿದ್ದರು.
ಮರ ಬರೆಯಲಿಲ್ಲ ಅವಳು.
ಒಂದು ಕಿಟಕಿ, ಮೇಲಿಂದ ಎರಡು ಕೈ,
ಕೆಳಗಿಂದ ಎರಡು ಕೈ.
ನಡುವೆ ಮಗುವಿಗೆ ಜಾಗ ಸಾಲಲಿಲ್ಲವಂತೆ.
ಅಳಿಸಲು ಹೊರಟಳು.
ಇರಲಿ ಬಿಡು ಅಂದೆ.